ಒಂದು ಚಿತ್ರಕಥಾಮಾಲೆಯ ಉದಯಾಸ್ತ

ಭಯಾನಕ, ಬೀಭತ್ಸ, ಅದ್ಭುತಗಳನ್ನು ರಸಗಳೆಂದು ಗಣಿಸಿದ ನಾಟ್ಯಶಾಸ್ತ್ರವನ್ನು ಬಲ್ಲವರಿಗೆ, ಅಂಜಿಕೆಯನ್ನು ಹುಟ್ಟಿಸುವ ಕಥೆಯು ನೀತಿಗೆ ಹಗೆಯೆಂಬ ಮಾತು ಸುಲಭವಾಗಿ ಒಪ್ಪಿಗೆಯಾಗದು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಈ ಮಾತು ದೊಡ್ಡ ವಿವಾದವಾಗಿ ಬೆಳೆದು, ಒಂದು ಪ್ರಸಿದ್ಧ ಚಿತ್ರಕಥಾಮಾಲೆಯು ಅದಕ್ಕೆ ಆಹುತಿಯಾಯಿತು.

ನ್ಯೂಯಾರ್ಕಿನ ಮ್ಯಾಕ್ಸ್ ಗೇನ್ಸ್ ಎಂಬಾತನು ಬೈಬಲಿನ ಕಥೆ, ಇತಿಹಾಸ ಮುಂತಾದುವನ್ನು ಬಾಲಕರಿಗೆ ಚಿತ್ರರೂಪದಲ್ಲಿ ಒದಗಿಸಲೆಂದು ‘ಎಜುಕೇಷನಲ್ ಕಾಮಿಕ್ಸ್’ ಎಂಬ ಪ್ರಕಾಶನವನ್ನು ಸ್ಥಾಪಿಸಿದ್ದನು. 1947ರಲ್ಲಿ ಆತನು ದೋಣಿಯ ಅಪಘಾತದಲ್ಲಿ ಮಡಿಯಲು, ಸಂಸ್ಥೆಯು ಮಗನಾದ ವಿಲಿಯಂ ಗೇನ್ಸನ ಕೈಸೇರಿತು. ವಿಲಿಯಮನು ಸಂಪಾದಕ ಆಲ್ ಫೆಲ್ಡ್‌ಸ್ಟೈನನೊಡಗೂಡಿ 1950ರಲ್ಲಿ ‘ವಿಯರ್ಡ್ ಸೈನ್ಸ್’, ‘ವಿಯರ್ಡ್ ಫ್ಯಾಂಟಸಿ’ ಎಂಬ ವೈಜ್ಞಾನಿಕ ಕಲ್ಪನಾಕಥೆಗಳ ಪತ್ರಿಕೆಗಳನ್ನೂ ‘ಟೇಲ್ಸ್ ಫ್ರಂ ದಿ ಕ್ರಿಪ್ಟ್’ ಮೊದಲಾದ ಭೀಷಣಕಥೆಗಳ ಪತ್ರಿಕೆಗಳನ್ನೂ ಹೊರಡಿಸಿದನು. ಸಂಚಿಕೆಯೊಂದರಲ್ಲಿ ಸಾಮಾನ್ಯವಾಗಿ ನಾಲ್ಕು ಬಿಡಿಕಥೆಗಳು; ಕಥೆಯ ಕೊನೆಗೆ ಓದುಗನು ಊಹಿಸದ ಒಂದು ತಿರುವು. ರೇ ಬ್ರಾಡ್‌ಬರಿಯ ಎರಡು ಕಥೆಗಳನ್ನು ಅನುಮತಿಯಿಲ್ಲದೆ ಬೆಸೆದು 1952ರಲ್ಲಿ ಅಚ್ಚುಹಾಕಿದಾಗ, ಆ ಲೇಖಕನು ವ್ಯಾಜ್ಯ ಹೂಡದೆ, ಸಂಭಾವನೆ ಕಳುಹಲು ಮರೆತಿರಬಹುದೆಂದು ವಿನಯದಿಂದಲೇ ಬರೆದನು. ತರುವಾಯ ಆತನ ಕಥೆಗಳು ಅನುಮತಿ ಪಡೆದೇ ಬೆಳಕು ಕಂಡವು.

ಈ ಮಾಲೆಯ ಕೀರ್ತಿಗೆ ಕಳಸವಿಟ್ಟಂತಿರುವುದು 1953ರ ‘ಜಡ್ಜ್‌ಮೆಂಟ್ ಡೇ’. ಇದರ ಚಿತ್ರಕಾರನು ಜೋ ಆರ್ಲ್ಯಾಂಡೊ. ಯಂತ್ರಮಾನವರ ಗ್ರಹವೊಂದಕ್ಕೆ ಭೂಲೋಕದಿಂದ ಪರೀಕ್ಷಕನೊಬ್ಬನು ಬರುತ್ತಾನೆ. ಅಲ್ಲಿ ಕಿತ್ತಳೆಬಣ್ಣದವರು ಮೇಲಿನವರು, ನೀಲಿಬಣ್ಣದವರು ಕೀಳಿನವರು. ಹೊರಗಿನ ಹೊದಿಕೆಯನ್ನುಳಿದು ಇಬ್ಬರ ರಚನೆಯೂ ಒಂದೇ. ಇಂತಹ ಗ್ರಹವು ನಕ್ಷತ್ರಲೋಕದ ಗಣರಾಜ್ಯವನ್ನು ಸೇರಲು ಇನ್ನೂ ಅರ್ಹವಲ್ಲವೆಂದು ತೀರ್ಪಿತ್ತು ಆತನು ಹಿಂದಿರುಗುತ್ತಾನೆ. ಕಡೆಯ ಚಿತ್ರದಲ್ಲಿ ಶಿರಸ್ತ್ರಾಣವನ್ನು ತೆಗೆದಾಗ, ಆತನು ಕಪ್ಪುಜನಾಂಗದವನೆಂದು ತಿಳಿಯುತ್ತದೆ. ಅವನ ಮೊಗದ ಬೆವರಹನಿಗಳು ನಕ್ಷತ್ರಗಳಂತೆ ಹೊಳೆಯುತ್ತವೆ. ಆ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ ಶಾಲೆ, ಬಸ್ಸುಗಳಲ್ಲಿಯೂ ವರ್ಣಭೇದವು ಶಾಸನಸಮ್ಮತವಾಗಿದ್ದ ಕಾಲವದು.

1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮನು ಚಿತ್ರಕಥೆಗಳಿಂದ ಬಾಲಾಪರಾಧವು ಹೆಚ್ಚುತ್ತಿದೆಯೆಂದು ಗ್ರಂಥವೊಂದನ್ನು ಪ್ರಕಟಿಸಿದನು. ಅದೇ ವರ್ಷ ಏಪ್ರಿಲಿನಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಗೇನ್ಸನು ಸಾಕ್ಷ್ಯ ನುಡಿದನು. ಕಡಿದ ತಲೆಯ ಮುಖಪುಟವೊಂದನ್ನು ತೋರಿಸಿ ಕೇಳಲಾಗಿ, ಭೀಷಣ ಪತ್ರಿಕೆಗೆ ಅದು ಸದಭಿರುಚಿಯದೇ ಎಂದು ಆತನು ಉತ್ತರವಿತ್ತದ್ದು ಜನರ ಕೋಪವನ್ನು ಹೆಚ್ಚಿಸಿತು. ತಂದೆತಾಯಿಗಳ ಕಳವಳವು ನಿರಾಧಾರವಾಗಿರಲಿಲ್ಲ. ಆದರೆ ಅದಕ್ಕೆ ಮದ್ದೆಂದು ಪ್ರಕಾಶಕರು ತಾವೇ ರಚಿಸಿಕೊಂಡ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿಯು ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲಾರದೆ ಹೋಯಿತು. ಭೀಷಣಪತ್ರಿಕೆಗಳು ನಿಂತುವು.

ಉಳಿದ ವೈಜ್ಞಾನಿಕ ಪತ್ರಿಕೆಯಲ್ಲಿ ನಿರಾಕೃತವಾದ ಕಥೆಯೊಂದರ ಬದಲಿಗೆ ‘ಜಡ್ಜ್‌ಮೆಂಟ್ ಡೇ’ಯನ್ನು ಮರಳಿ ಅಚ್ಚುಹಾಕಲು ಗೇನ್ಸನು ಬಯಸಿದನು. ನಾಯಕನು ಕಪ್ಪುಜನಾಂಗದವನಾಗಿರಕೂಡದೆಂದು ನಿಯಮಾಧಿಕಾರಿ ಚಾರ್ಲ್ಸ್ ಮರ್ಫಿಯು ಆಕ್ಷೇಪಿಸಿದನು. ಬಳಿಕ ಬೆವರಹನಿಗಳನ್ನಾದರೂ ಅಳಿಸಬೇಕೆಂದನೆಂದು ಪ್ರಕಾಶಕ ಸಂಪಾದಕರ ಹೇಳಿಕೆ. ಗೇನ್ಸನು ಮಣಿಯಲಿಲ್ಲ. 1956ರ ಮೊದಲ ಸಂಚಿಕೆಯಲ್ಲಿ ಕಥೆಯು ಯಥಾವತ್ತಾಗಿ ಹೊರಬಿದ್ದಿತು. ಆ ಸಂಸ್ಥೆಯ ಚಿತ್ರಕಥಾಪತ್ರಿಕೆಗಳಲ್ಲಿ ಅದೇ ಕಡೆಯದು. ‘ಮ್ಯಾಡ್’ ಎಂಬ ಹಾಸ್ಯಪತ್ರಿಕೆ ಮಾತ್ರ ಬದುಕಿ ಬಾಳಿತು.

ವರ್ಥಮನು ತನ್ನ ಸಾಕ್ಷ್ಯಗಳನ್ನು ತಿರುಚಿದ್ದನೆಂಬುದು 2012ರಲ್ಲಿ ವಿದುಷಿ ಕ್ಯಾರಲ್ ಟಿಲ್ಲಿಯವರ ಸಂಶೋಧನೆಯಿಂದ ಬಯಲಾಯಿತು. ನಿಯಮಾವಳಿಯಾದರೋ 2011ರಲ್ಲಿಯೇ ಕಣ್ಮರೆಯಾಗಿತ್ತು. ಎಳೆಯರನ್ನು ಭಯದಿಂದ ಕಾಪಾಡಲು ಹುಟ್ಟಿದ ಆ ನಿಯಮವು, ಅವರಿಗೆ ನ್ಯಾಯವನ್ನು ಕಲಿಸಬಂದ ಮುಖವೊಂದನ್ನು ಕಂಡು ತಾನೇ ಅಂಜಿತು.