ದತ್ತಿಯಿಲ್ಲದ ಛತ್ರ: ನಿರಾಶ್ರಿತರ ನೆರವಿನ ಹಣದ ಕಥೆ



ಜಗತ್ತಿನ ಯಾವುದಾದರೊಂದು ಮೂಲೆಯಲ್ಲಿ ಯುದ್ಧ ಹೊತ್ತಿಕೊಂಡಾಗಲೆಲ್ಲ ನಮ್ಮ ಕೂಟಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: “ನಾವೆಲ್ಲ ಸೇರಿ ಏನಾದರೂ ಕಳುಹಿಸಬಾರದೇ?” ಅದರ ಬೆನ್ನಿಗೇ ಮತ್ತೊಂದು: “ಕಳುಹಿಸಿದ್ದು ಅವರ ಕೈಗೆ ಸೇರುತ್ತದೆಯೇ?” ಮೊದಲನೆಯದು ಕರುಣೆಯ ಪ್ರಶ್ನೆ, ಎರಡನೆಯದು ಲೆಕ್ಕದ ಪ್ರಶ್ನೆ. ಇವೆರಡರ ನಡುವೆ ಯಾರೂ ಕೇಳದ ಮೂರನೆಯ ಪ್ರಶ್ನೆಯೊಂದಿದೆ. ಮನೆಮಠ ಕಳೆದುಕೊಂಡ ಕೋಟ್ಯಂತರ ಜನರನ್ನು ಸಲಹುವ ಸಂಸ್ಥೆಗಳಿಗೆ ಹಣ ಎಲ್ಲಿಂದ ಬರುತ್ತದೆ, ಮತ್ತು ಆ ಹಣ ನಿಂತರೆ ಏನಾಗುತ್ತದೆ? ಈ ಸಂಚಿಕೆಯಲ್ಲಿ ಅದರ ಇತಿಹಾಸವನ್ನು ನಾವಿರುವ ಈ ನೆಲದಿಂದಲೇ ಆರಂಭಿಸಿ ನೋಡೋಣ.

ದಮ್ಮಾಮ್ ಕಡೆಯಿಂದ ಹೊರಟು, ಸೌದಿ ಅರೇಬಿಯದ ಉತ್ತರ ಗಡಿಗುಂಟ ಜೋರ್ಡಾನಿನತ್ತ ಸಾಗುವ ಹೆದ್ದಾರಿಯಲ್ಲಿ ರಫಾ ಎಂಬ ಪಟ್ಟಣವಿದೆ. ಲೆಬನಾನಿನ ಕರಾವಳಿಗೆ ಕಚ್ಚಾತೈಲ ಸಾಗಿಸಲು 1950ರಲ್ಲಿ ಪೂರ್ಣಗೊಂಡ ‘ಟ್ಯಾಪ್‌ಲೈನ್’ ಕೊಳವೆಮಾರ್ಗದ ಪಂಪಿಂಗ್ ಠಾಣೆಯ ಸುತ್ತ ಬೆಳೆದ ಊರು ಅದು. ಆದರೆ ಆ ಸೀಮೆಯ ಹೆಸರು ತೈಲಕ್ಕಿಂತ ಬಹಳ ಹಳೆಯದು. ಇರಾಕಿನ ಕೂಫಾದಿಂದ ಮಕ್ಕಾಕ್ಕೆ ಹೋಗುವ ಪ್ರಾಚೀನ ಯಾತ್ರಾಮಾರ್ಗ ಅಲ್ಲಿಂದಲೇ ಹಾಯುತ್ತಿತ್ತು. ಖಲೀಫ ಹಾರೂನ್ ಅಲ್ ರಶೀದನ ಪತ್ನಿ ಜುಬೈದಾ ಎಂಟನೆಯ ಶತಮಾನದ ಕೊನೆಯಲ್ಲಿ ಆ ದಾರಿಯುದ್ದಕ್ಕೂ ಸ್ವಂತ ಹಣದಿಂದ ಬಾವಿ, ಕೊಳ, ತಂಗುದಾಣಗಳನ್ನು ಕಟ್ಟಿಸಿದಳು. ಇಂದಿಗೂ ಅದನ್ನು ‘ದರ್ಬ್ ಜುಬೈದಾ’, ಅಂದರೆ ಜುಬೈದಾಳ ದಾರಿ ಎಂದೇ ಕರೆಯುತ್ತಾರೆ.

ಇದು ನಮಗೆ ಅಪರಿಚಿತ ಸಂಗತಿಯಲ್ಲ. ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಗೊತ್ತು: ಹಿರಿಯರು ಛತ್ರ ಕಟ್ಟಿಸಿ ಅಷ್ಟಕ್ಕೇ ಕೈತೊಳೆದುಕೊಳ್ಳುತ್ತಿರಲಿಲ್ಲ. ಛತ್ರದ ಜೊತೆಗೆ ಅದನ್ನು ನಡೆಸಲು ಗದ್ದೆ ಬಿಡುತ್ತಿದ್ದರು, ಆ ಗದ್ದೆಯ ಎಲ್ಲೆಗಳನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು, ಕೊಟ್ಟದ್ದನ್ನು ಕಸಿದುಕೊಂಡವನಿಗೆ ಘೋರ ಶಾಪವನ್ನೂ ಬರೆಸುತ್ತಿದ್ದರು. ಅರಬರ ‘ವಕ್ಫ್’ ಪದ್ಧತಿಯ ಹಿಂದಿರುವುದೂ ಇದೇ ವಿವೇಕ. ಕಟ್ಟಡ ಒಂದು ದಿನದ ಉತ್ಸಾಹದಿಂದ ಎದ್ದೀತು. ಅನ್ನ ಪ್ರತಿದಿನವೂ ಬೇಕು, ಅದಕ್ಕೆ ಪ್ರತಿವರ್ಷವೂ ಬೆಳೆಯುವ ಹೊಲ ಬೇಕು. ಆ ಹೊಲಕ್ಕೆ ನಾವು ದತ್ತಿ ಎನ್ನುತ್ತೇವೆ.

ನಿರಾಶ್ರಿತರಿಗಾಗಿ ಜಗತ್ತು ಕಟ್ಟಿದ ಅತಿ ದೊಡ್ಡ ಛತ್ರಕ್ಕೆ ಮಾತ್ರ ದತ್ತಿಯನ್ನು ಯಾರೂ ಬಿಡಲಿಲ್ಲ.

ಮೊದಲ ಮಹಾಯುದ್ಧದ ಬಳಿಕ, 1921ರಲ್ಲಿ, ರಾಷ್ಟ್ರಸಂಘವು ನಾರ್ವೆಯ ಧ್ರುವಾನ್ವೇಷಕ ಫ್ರಿಟ್ಯೋಫ್ ನಾನ್ಸೆನ್ನರನ್ನು ನಿರಾಶ್ರಿತರ ಹೈಕಮಿಷನರರನ್ನಾಗಿ ನೇಮಿಸಿತು. ಹುದ್ದೆ ಕೊಟ್ಟಿತೇ ಹೊರತು ಪರಿಹಾರಕ್ಕೆ ಹಣ ಕೊಡಲಿಲ್ಲ. ದೇಶವಿಲ್ಲದವರು ಗಡಿ ದಾಟಲೆಂದು ‘ನಾನ್ಸೆನ್ ಪಾಸ್‌ಪೋರ್ಟ್’ ಎಂಬ ದಾಖಲೆಯನ್ನು ರೂಪಿಸಿದ ಅವರು, ಅನ್ನಕ್ಕಾಗಿ ಸರ್ಕಾರಗಳ ಮತ್ತು ಧರ್ಮಸಂಸ್ಥೆಗಳ ಬಾಗಿಲು ತಟ್ಟಬೇಕಾಯಿತು.

ಎರಡನೆಯ ಮಹಾಯುದ್ಧದ ನಂತರವೂ ಅದೇ ಕಥೆ ಮರುಕಳಿಸಿತು. 1950ರ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆಯು ನಿರಾಶ್ರಿತರ ಹೈಕಮಿಷನರ್ ಕಚೇರಿಯನ್ನು ಸ್ಥಾಪಿಸಿತು. ಇಂದು ಯುಎನ್‌ಎಚ್‌ಸಿಆರ್ ಎಂಬ ಹೆಸರಿನಿಂದ ನಾವೆಲ್ಲ ಕೇಳಿರುವ ಸಂಸ್ಥೆ ಅದೇ. ಅದಕ್ಕೆ ಕೊಟ್ಟ ಆಯುಷ್ಯ ಕೇವಲ ಮೂರು ವರ್ಷ. ಮೊದಲ ವರ್ಷದ ಬಜೆಟ್ಟು ಸುಮಾರು 3 ಲಕ್ಷ ಡಾಲರ್. ಅದರ ಶಾಸನದಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು: ಕಚೇರಿಯ ಆಡಳಿತ ವೆಚ್ಚವಷ್ಟೇ ವಿಶ್ವಸಂಸ್ಥೆಯದು, ಉಳಿದ ಸಕಲ ವೆಚ್ಚವೂ ಸ್ವಯಂಪ್ರೇರಿತ ಕೊಡುಗೆಗಳಿಂದ ಬರಬೇಕು. ಸರ್ಕಾರಗಳ ಮುಂದೆ ಕೈಯೊಡ್ಡುವುದಕ್ಕೂ ಮಹಾಸಭೆಯ ಮುಂಚಿನ ಒಪ್ಪಿಗೆ ಬೇಕಿತ್ತು. ಹೀಗೆ ರಾಷ್ಟ್ರಗಳು ಸ್ಥಾಪಿಸಿದ ಸಂಸ್ಥೆಯಾದರೂ ಅದು ಬದುಕಬೇಕಾದದ್ದು ಧರ್ಮಸಂಸ್ಥೆಯಂತೆ, ಕೊಡುವವರ ಮನಸ್ಸನ್ನು ನಂಬಿ.

ಮೊದಲ ಹೈಕಮಿಷನರ್ ಡಚ್ ಪತ್ರಕರ್ತ ವಾನ್ ಹ್ಯೂವೆನ್ ಹುಡ್‌ಹಾರ್ಟ್ ಸ್ವತಃ ನಾಜಿ ಆಕ್ರಮಣದಿಂದ ತಪ್ಪಿಸಿಕೊಂಡು ತಾಯ್ನಾಡು ತೊರೆದಿದ್ದವರು. ಕೈಯಲ್ಲಿ ಹಣವಿಲ್ಲದ ಅವರ ಕಚೇರಿಗೆ 1952ರಲ್ಲಿ ಅಮೆರಿಕದ ಖಾಸಗಿ ಫೋರ್ಡ್ ಪ್ರತಿಷ್ಠಾನವು ಸುಮಾರು 29 ಲಕ್ಷ ಡಾಲರ್ ನೀಡಿತು. ಶಿಬಿರಗಳಲ್ಲಿ ಕೊಳೆಯುತ್ತಿದ್ದವರಿಗೆ ಮನೆ, ಕಸುಬು ಒದಗಿಸುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು ಆ ಹಣದಿಂದ. 1954ರ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ, ಅದರ ಮೊತ್ತವನ್ನೂ ಗ್ರೀಸಿನ ಟಿನೋಸ್ ದ್ವೀಪದಲ್ಲಿದ್ದ ನಿರಾಶ್ರಿತರಿಗಾಗಿಯೇ ಮೀಸಲಿಟ್ಟರು. ಮೂರು ವರ್ಷದ ಅವಧಿಯನ್ನು ಐದೈದು ವರ್ಷಗಳಂತೆ ವಿಸ್ತರಿಸುತ್ತ ಬಂದು, ಕೊನೆಗೆ 2003ರಲ್ಲಿ ಆ ಮಿತಿಯನ್ನೇ ತೆಗೆದುಹಾಕಲಾಯಿತು. ಆಯುಷ್ಯ ಶಾಶ್ವತವಾಯಿತು, ಆದಾಯ ಆಗಲಿಲ್ಲ.

ಇದರ ಪರಿಣಾಮವನ್ನು ಇಂದು ಕಾಣುತ್ತಿದ್ದೇವೆ. 2024ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳಗಳಿಂದ ನೆಲೆ ತಪ್ಪಿದವರ ಸಂಖ್ಯೆ 12.3 ಕೋಟಿ ದಾಟಿತ್ತು. ಆ ವರ್ಷ ಸಂಸ್ಥೆಗೆ ಬೇಕಾಗಿದ್ದದ್ದು 1,000 ಕೋಟಿ ಡಾಲರಿಗೂ ಮಿಗಿಲು, ಬಂದದ್ದು ಸುಮಾರು ಅರ್ಧ. ಬಂದ ಹಣದಲ್ಲಿಯೂ ಐದರಲ್ಲಿ ಎರಡು ಪಾಲಿನಷ್ಟು ಒಂದೇ ದೇಶದ್ದು, ಅಮೆರಿಕದ್ದು. 2025ರಲ್ಲಿ ಅಮೆರಿಕವೂ ಇತರ ದೊಡ್ಡ ದಾನಿ ದೇಶಗಳೂ ಕೈ ಬಿಗಿಹಿಡಿದಾಗ ಸಂಸ್ಥೆಯು ಸುಮಾರು 3,500 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಒಂದು ರಾಜಧಾನಿಯಲ್ಲಿ ನಡೆದ ಚುನಾವಣೆಯ ಫಲಿತಾಂಶವು ಸಾವಿರಾರು ಮೈಲಿ ದೂರದ ಗುಡಾರವೊಂದರಲ್ಲಿ ಔಷಧಿಯ ಕೊರತೆಯಾಗಿ ಕಾಣಿಸಿಕೊಳ್ಳುವುದು ಹೀಗೆ.

ಇದರ ಜೊತೆಗೆ ಇನ್ನೊಂದು ತೊಡಕು. ಕೊಡುವ ಸರ್ಕಾರಗಳು ಹೆಚ್ಚಿನ ಹಣಕ್ಕೆ ಷರತ್ತಿನ ಚೀಟಿ ಅಂಟಿಸಿಯೇ ಕೊಡುತ್ತವೆ: ಇದು ಇಂಥ ದೇಶಕ್ಕೆ, ಇಂಥ ಬಿಕ್ಕಟ್ಟಿಗೆ ಮಾತ್ರ. ಹಾಗಾಗಿ ದೂರದರ್ಶನದಲ್ಲಿ ದಿನವೂ ಕಾಣುವ ಯುದ್ಧಕ್ಕೆ ಹಣ ಹರಿಯುತ್ತದೆ. ಹತ್ತು ವರ್ಷ ಹಳೆಯದಾಗಿ ಸುದ್ದಿಯಿಂದ ಮರೆಯಾದ ಶಿಬಿರ ಒಣಗುತ್ತದೆ. ಮದುವೆಮನೆಯಲ್ಲಿ ಎಲ್ಲರೂ ಪಾಯಸಕ್ಕೇ ಸಕ್ಕರೆ ತಂದರೆ ಅನ್ನಕ್ಕೆ ಅಕ್ಕಿ ತರುವವರು ಯಾರು?

ಹಣವೊಂದಿದ್ದರೆ ಎಲ್ಲವೂ ಸರಿಹೋಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೆ ರಫಾಕ್ಕೆ ಬರೋಣ. 1991ರ ಕೊಲ್ಲಿ ಯುದ್ಧದ ಬೆನ್ನಿಗೆ ದಕ್ಷಿಣ ಇರಾಕಿನಲ್ಲಿ ಸದ್ದಾಂ ಹುಸೇನ್ ಆಡಳಿತದ ವಿರುದ್ಧ ಬಂಡಾಯ ಎದ್ದು, ಅದು ಕ್ರೂರವಾಗಿ ದಮನಗೊಂಡಿತು. ಪ್ರಾಣ ಉಳಿಸಿಕೊಳ್ಳಲು ಓಡಿಬಂದವರು, ಮರಳಿ ಹೋಗಲೊಪ್ಪದ ಯುದ್ಧಕೈದಿಗಳು ಎಲ್ಲ ಸೇರಿ ಸುಮಾರು 33,000 ಇರಾಕಿಗಳಿಗೆ ಸೌದಿ ಅರೇಬಿಯ ಆಶ್ರಯ ನೀಡಿತು. ಮೊದಲು ರಫಾ ಮತ್ತು ಅರ್ತಾವಿಯಗಳಲ್ಲಿ, ಬಳಿಕ ರಫಾ ಒಂದರಲ್ಲೇ ಅವರನ್ನು ಇರಿಸಲಾಯಿತು. ಸೌದಿ ಅರೇಬಿಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ. ಆದರೂ ಮರಳುಗಾಡಿನ ನಡುವೆ ವಸತಿ, ನೀರು, ಆಸ್ಪತ್ರೆ, ಶಾಲೆಗಳ ವೆಚ್ಚವನ್ನು ಈ ದೇಶದ ಬೊಕ್ಕಸವೇ ಭರಿಸಿತು. ಯುಎನ್‌ಎಚ್‌ಸಿಆರ್ ಅವರ ರಕ್ಷಣೆ ಹಾಗೂ ಪುನರ್ವಸತಿಯ ಹೊಣೆಯಲ್ಲಿ ಪಾಲ್ಗೊಂಡಿತು.

ಅಲ್ಲಿ ಹಣದ ಕೊರತೆ ಇರಲಿಲ್ಲ, ಇದ್ದದ್ದು ನೆಲೆಯ ಕೊರತೆ. ಶಿಬಿರದ ಹೊರಗೆ ಹೋಗಿ ದುಡಿಯುವಂತಿರಲಿಲ್ಲ, ನೆಲೆಸುವಂತಿರಲಿಲ್ಲ. ಸುಮಾರು 25,000 ಮಂದಿಯನ್ನು ವರ್ಷಗಳ ಅವಧಿಯಲ್ಲಿ ಅಮೆರಿಕ, ಆಸ್ಟ್ರೇಲಿಯ, ಯುರೋಪಿನ ದೇಶಗಳೇ ಮೊದಲಾದೆಡೆ ಪುನರ್ವಸತಿಗೆ ಕಳುಹಿಸಲಾಯಿತು. ಉಳಿದ ಸುಮಾರು 5,200 ಜನ 2003ರವರೆಗೂ, ಅಂದರೆ ಹನ್ನೆರಡು ವರ್ಷ, ಅಲ್ಲಿಯೇ ಕಾದರು. ಆ ವರ್ಷದ ಜುಲೈ ಅಂತ್ಯದಲ್ಲಿ ಮೊದಲ ತಂಡ ಬಸ್ಸುಗಳಲ್ಲಿ ಬಸ್ರಾದ ಕಡೆಗೆ ಹೊರಟಿತು. ಶಿಬಿರದಲ್ಲಿ ಹುಟ್ಟಿದ ಮಕ್ಕಳು ತಮ್ಮದೆಂಬ ದೇಶವನ್ನು ಕಂಡದ್ದು ಆಗಲೇ.

ಇನ್ನು ನಮ್ಮ ನಾಡಿನತ್ತ ನೋಡೋಣ. ಭಾರತವೂ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ 1960ರಲ್ಲಿ ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣದ ಬಳಿಯ ಬೈಲಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಅರಣ್ಯಭೂಮಿಯನ್ನು ಬಿಟ್ಟುಕೊಟ್ಟಿತು. ಹಿಮದ ನಾಡಿನಿಂದ ಬಂದವರು ಆನೆಕಾಡನ್ನು ಸವರಿ ಮುಸುಕಿನ ಜೋಳ ಬೆಳೆಯಲು ಕಲಿತರು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ಅಂಥ ವಸತಿಗಳು ಎದ್ದವು. ಕೇಂದ್ರ ಸರ್ಕಾರದ ಹಣದ ಜೊತೆಗೆ ವಿದೇಶಿ ನೆರವೂ ಹರಿದುಬಂದಿತು. ಈ ಪುನರ್ವಸತಿಗೆ ಕೈಜೋಡಿಸಲೆಂದೇ 1968ರಲ್ಲಿ ‘ಮೈರಾಡ’ ಎಂಬ ಸ್ವಯಂಸೇವಾ ಸಂಸ್ಥೆ ಹುಟ್ಟಿತು. ಸುಮಾರು ಹತ್ತು ವರ್ಷಗಳಲ್ಲಿ ಆ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಅದು ನಮ್ಮದೇ ಹಳ್ಳಿಗಳ ಬಡವರತ್ತ ತಿರುಗಿತು. 1980ರ ದಶಕದಲ್ಲಿ ಗ್ರಾಮೀಣ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟಿದ ಮೊದಲಿಗರಲ್ಲಿ ಮೈರಾಡವೂ ಒಂದು. ಊರಿಗೆ ಹೋದಾಗ ನಮ್ಮ ಚಿಕ್ಕಮ್ಮ, ಅತ್ತಿಗೆಯರು “ಸಂಘದ ಸಾಲ” ಎಂದು ಮಾತಾಡುವುದನ್ನು ಕೇಳಿದ್ದೇವಲ್ಲವೇ? ಪರದೇಶಿಗಳಿಗೆ ನೆಲೆ ಕಲ್ಪಿಸಲು ಹುಟ್ಟಿದ ಸಂಸ್ಥೆಯೊಂದರ ದುಡಿಮೆ ಅದರ ಬೇರಿನಲ್ಲೂ ಇದೆ.

ರಫಾದಲ್ಲಿ ದೊರೆತದ್ದು ಅನ್ನ, ಬೈಲಕುಪ್ಪೆಯಲ್ಲಿ ದೊರೆತದ್ದು ಹೊಲ. ಟಿಬೆಟಿನವರು ಪೌರರಾದರೆಂದಲ್ಲ, ಅವರಲ್ಲಿ ಅನೇಕರು ಇಂದಿಗೂ ನೋಂದಣಿ ಪತ್ರದ ಮೇಲೆಯೇ ಬದುಕುತ್ತಿದ್ದಾರೆ. ಆದರೆ ಹೊಲ ಸಿಕ್ಕವರು ಪ್ರತಿವರ್ಷ ದಾನಿಗಳ ಮುಖ ನೋಡುವ ಸ್ಥಿತಿಯಿಂದ ಬಹುಮಟ್ಟಿಗೆ ಪಾರಾದರು. ನೆರವಿನ ಇತಿಹಾಸವೆಲ್ಲ ಕೊನೆಗೆ ಕಲಿಸುವುದು ಇದನ್ನೇ: ದಾನ ಜೀವ ಉಳಿಸುತ್ತದೆ, ದತ್ತಿ ಬದುಕು ಕೊಡುತ್ತದೆ.

ಹೊಲ ಕೊಡುವ ಶಕ್ತಿ ನಮ್ಮಂಥವರಿಗೆ ಇಲ್ಲ. ಹಾಗಾದರೆ ನಮ್ಮಿಂದಾಗುವುದೇನು? 1971ರ ಒಂದು ಉದಾಹರಣೆ ದಾರಿ ತೋರುತ್ತದೆ. ಆ ವರ್ಷ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಯುಎನ್‌ಎಚ್‌ಸಿಆರ್ ಮೂಲಕ ಹೊರದೇಶಗಳ ನೆರವು ಬಂದಿತಾದರೂ ಹೊರೆಯ ಬಹುಪಾಲು ಭಾರತದ ಮೇಲೆಯೇ ಬಿದ್ದಿತು. ಆಗ ನಮ್ಮ ಸರ್ಕಾರವು ಅಂಚೆ ಪತ್ರಗಳಿಗೆ ‘ನಿರಾಶ್ರಿತರ ಪರಿಹಾರ’ದ ಐದು ಪೈಸೆಯ ಹೆಚ್ಚುವರಿ ಚೀಟಿಯನ್ನು ಕಡ್ಡಾಯಗೊಳಿಸಿತು. ನವೆಂಬರ್ 1971ರಿಂದ ಮಾರ್ಚ್ 1973ರವರೆಗೆ ಮೈಸೂರು, ಮಂಗಳೂರು, ಧಾರವಾಡಗಳಿಂದ ಹೊರಟ ಕಾಗದಗಳೂ ಬಂಗಾಳದ ಶಿಬಿರಗಳ ಪಾಲನ್ನು ಹೊತ್ತವು. ಮೊತ್ತ ಕಿರಿದು. ಆದರೆ ಅದು ಸುದ್ದಿಯ ಬಿಸಿ ಆರಿದ ಮೇಲೂ ನಿಲ್ಲಲಿಲ್ಲ. ಶಾಸನದ ಗದ್ದೆಯ ಗುಣ ಆ ಐದು ಪೈಸೆಗಿತ್ತು.

ಈ ಮಾತು ನಮಗೆ ದೂರದ್ದಲ್ಲ. 1990ರ ಆಗಸ್ಟಿನಲ್ಲಿ ಕುವೈತ್ ಆಕ್ರಮಣಕ್ಕೆ ತುತ್ತಾದಾಗ ಅಲ್ಲಿದ್ದ ಸುಮಾರು 1.7 ಲಕ್ಷ ಭಾರತೀಯರಲ್ಲಿ ನಮ್ಮ ಕರಾವಳಿಯ ಅನೇಕ ಕುಟುಂಬಗಳೂ ಇದ್ದವು. ವರ್ಷಗಳ ಉಳಿತಾಯವನ್ನು ಬಿಟ್ಟು, ಇರಾಕಿನ ಮೂಲಕ ಜೋರ್ಡಾನ್ ಸೇರಿ, ಮರಳುಗಾಡಿನ ಗುಡಾರಗಳಲ್ಲಿ ನೀರಿಗಾಗಿ ಸಾಲು ನಿಂತು, ಅಮ್ಮಾನಿನಿಂದ ಏರ್ ಇಂಡಿಯ ವಿಮಾನ ಹತ್ತಿದವರು ಅವರು. ಕಾನೂನಿನ ಅರ್ಥದಲ್ಲಿ ಅವರು ನಿರಾಶ್ರಿತರಲ್ಲ, ಮರಳಲು ಅವರಿಗೊಂದು ದೇಶವಿತ್ತು. ಆದರೂ ಕೊಡುವ ಕೈಗೂ ಒಡ್ಡುವ ಕೈಗೂ ನಡುವಿನ ಅಂತರ ಒಂದು ಬೆಳಗಿನದು ಎಂಬುದನ್ನು ಆ ತಲೆಮಾರು ಕಂಡಿತು.

ಕೊನೆಯದಾಗಿ ಸದಸ್ಯರಲ್ಲಿ ಮೂರು ಅರಿಕೆ. ಒಂದು, ಈ ದೇಶದಲ್ಲಿ ಪರವಾನಗಿಯಿಲ್ಲದೆ ಸಾರ್ವಜನಿಕವಾಗಿ ಹಣ ಸಂಗ್ರಹಿಸುವುದು ಕಾನೂನಿಗೆ ವಿರುದ್ಧ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕೂಟದಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಚಂದಾ ಎತ್ತಬೇಡಿ. ಸಂಘವೂ ಎತ್ತುವುದಿಲ್ಲ. 2015ರಲ್ಲಿ ರಿಯಾದಿನಲ್ಲಿ ಸ್ಥಾಪನೆಯಾದ ದೊರೆ ಸಲ್ಮಾನ್ ಮಾನವೀಯ ನೆರವು ಕೇಂದ್ರದ ‘ಸಾಹೆಮ್’ನಂಥ ಅಧಿಕೃತ ವೇದಿಕೆಗಳ ಮೂಲಕವೇ ಕೊಡಿ. ಜಕಾತ್ ಸಲ್ಲಿಸುವ ಕುಟುಂಬಗಳು ಯುಎನ್‌ಎಚ್‌ಸಿಆರ್ 2019ರಲ್ಲಿ ಆರಂಭಿಸಿದ ನಿರಾಶ್ರಿತರ ಜಕಾತ್ ನಿಧಿಯ ವಿಷಯವನ್ನೂ ತಿಳಿದುಕೊಳ್ಳಬಹುದು. ಎರಡು, ಸಾಧ್ಯವಾದಲ್ಲಿ ಷರತ್ತಿನ ಚೀಟಿ ಅಂಟಿಸದೆ, “ಎಲ್ಲಿ ಹೆಚ್ಚು ಅಗತ್ಯವೋ ಅಲ್ಲಿಗೆ” ಎಂದು ಕೊಡಿ. ಒಮ್ಮೆಗೇ ದೊಡ್ಡದಾಗಿ ಕೊಟ್ಟು ಮರೆಯುವುದಕ್ಕಿಂತ ಚಿಕ್ಕದನ್ನು ತಿಂಗಳುತಿಂಗಳೂ ಕೊಡುವುದು ಮೇಲು. ಮೂರು, ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರ ಟ್ರಂಕಿನಲ್ಲಿ 1972ರ ಹಳೆಯ ಕಾಗದಗಳಿದ್ದರೆ ಹುಡುಕಿ ನೋಡಿ. ಅಂಚೆಚೀಟಿಯ ಪಕ್ಕದಲ್ಲಿ ಆ ಐದು ಪೈಸೆಯ ಚೀಟಿ ಕಂಡರೆ ಮಕ್ಕಳಿಗೆ ತೋರಿಸಿ, ಅದು ಯಾರಿಗಾಗಿ ಅಂಟಿತ್ತೆಂದು ಹೇಳಿ.