ಆಟಿಸಂ ಇರುವ ಮಕ್ಕಳು: ಮನೆ, ಶಾಲೆ ಮತ್ತು ಸಮಾಜ ಮಾಡಬೇಕಾದ್ದು

ಎರಡು ವರ್ಷದ ಮಗು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಆಟದ ಕಾರು ಕೊಟ್ಟರೆ ಓಡಿಸುವುದಿಲ್ಲ, ಮಗುಚಿ ಹಾಕಿ ಚಕ್ರವನ್ನೇ ತಿರುಗಿಸುತ್ತ ಕೂರುತ್ತದೆ. ಬೇಕಾದ ವಸ್ತುವನ್ನು ಬೆರಳು ಮಾಡಿ ತೋರಿಸದೆ ತಾಯಿಯ ಕೈ ಹಿಡಿದು ಅತ್ತ ಎಳೆಯುತ್ತದೆ. ಇಂಥ ಸಮಯದಲ್ಲಿ ಮನೆಯ ಹಿರಿಯರಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: "ಗಂಡು ಮಕ್ಕಳಿಗೆ ಮಾತು ತಡ. ಅವರಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದದ್ದು." ಸಮಾಧಾನಕ್ಕೆಂದು ಆಡಿದ ಈ ಮಾತನ್ನು ನಂಬಿ ಅನೇಕ ಕುಟುಂಬಗಳು ಒಂದೆರಡು ವರ್ಷ ಸುಮ್ಮನೆ ಕಾಯುತ್ತವೆ. ಮಗು ಹೆಚ್ಚು ಕಲಿಯಬಹುದಾದ ವರ್ಷಗಳೇ ಹಾಗೆ ಕಳೆದುಹೋಗುತ್ತವೆ.

ಆಟಿಸಂ ಎಂದರೇನು?

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಇದು ಅಂಟುವ ರೋಗವಲ್ಲ, ಹುಚ್ಚೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಇದರ ಬಗ್ಗೆ ವಿವರವಾಗಿ ಬರೆದರು. ಆ ಬಳಿಕವೇ ವೈದ್ಯಲೋಕ ಇದನ್ನು ಪ್ರತ್ಯೇಕವಾಗಿ ಗುರುತಿಸತೊಡಗಿತು.

ಮುಖ್ಯವಾಗಿ ಎರಡು ಕಡೆ ವ್ಯತ್ಯಾಸ ಕಾಣುತ್ತದೆ. ಒಂದು, ಇತರರೊಡನೆ ಬೆರೆಯುವುದು ಮತ್ತು ಮಾತು ಸನ್ನೆಗಳಿಂದ ವ್ಯವಹರಿಸುವುದು. ಇನ್ನೊಂದು, ಒಂದೇ ಕೆಲಸ ಮತ್ತೆ ಮತ್ತೆ ಮಾಡುವುದು, ದಿನಚರಿ ಬದಲಾದರೆ ತಳಮಳಿಸುವುದು, ಶಬ್ದ, ಬೆಳಕು, ವಾಸನೆ, ಸ್ಪರ್ಶಗಳು ಅತಿಯಾಗಿ ಅಥವಾ ತೀರ ಕಡಿಮೆಯಾಗಿ ತಟ್ಟುವುದು. ಎಲ್ಲ ಮಕ್ಕಳೂ ಒಂದೇ ರೀತಿ ಇರುವುದಿಲ್ಲ. ಜೀವನವಿಡೀ ಮಾತು ಬಾರದವರಿದ್ದಾರೆ, ಪದವಿ ಪಡೆದು ನೌಕರಿ ಮಾಡುವವರೂ ಇದ್ದಾರೆ.

ಕಾರಣಗಳಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ತಾಯಿ ಸರಿಯಾಗಿ ನೋಡಿಕೊಳ್ಳದೆ ಹೀಗಾಯಿತು ಎನ್ನುವುದು ಸುಳ್ಳು. ಲಸಿಕೆಯಿಂದ ಬರುತ್ತದೆ ಎಂಬುದೂ ಸುಳ್ಳು. ಆ ಸಂಶಯ ಹುಟ್ಟಿಸಿದ 1998ರ ಲೇಖನವನ್ನು, ಪ್ರಕಟಿಸಿದ್ದ 'ಲ್ಯಾನ್ಸೆಟ್' ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ಜೈನ ಮನೆಗಳಲ್ಲಿ ಇನ್ನೊಂದು ಮಾತೂ ಕೇಳಿಬರುತ್ತದೆ: "ಪೂರ್ವಕರ್ಮ, ಅನುಭವಿಸಬೇಕು." ಕರ್ಮದ ವಿಚಾರ ಇರುವುದು ಅವರವರು ತಮ್ಮ ನಡತೆಯನ್ನು ತಿದ್ದಿಕೊಳ್ಳಲು. ಅದನ್ನು ಹಿಡಿದು ಇನ್ನೊಬ್ಬ ತಾಯಿಯನ್ನು ಚುಚ್ಚುವುದು ಹಿಂಸೆಯೇ.

ಗುರುತಿಸುವುದು ಯಾವಾಗ, ಎಲ್ಲಿ?

ಒಂದು ವರ್ಷವಾದರೂ ಹೆಸರಿಗೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿರುವುದು, ಎರಡು ವರ್ಷಕ್ಕೆ "ಅಮ್ಮ ಬಾ" ಎಂಬಂತೆ ಎರಡು ಪದ ಕೂಡಿಸದಿರುವುದು, ಬಂದಿದ್ದ ಮಾತು ನಿಂತುಹೋಗುವುದು ಇವು ಗಮನಿಸಬೇಕಾದ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಆಟಿಸಂ ಎಂದು ತೀರ್ಮಾನಿಸಬಾರದು. ಆದರೆ ತೋರಿಸಿ ಕೇಳುವುದನ್ನು ಮುಂದೂಡಲೂಬಾರದು. ಮೊದಲು ಕಿವಿ ಪರೀಕ್ಷೆ ಆಗಬೇಕು, ಏಕೆಂದರೆ ಕಿವಿ ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ತೊಂದರೆ ಕಂಡವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಧಾರವಾಡದ ಡಿಮ್ಹಾನ್ಸ್ ರಾಜ್ಯದ ಕುಟುಂಬಗಳು ಹೋಗಬಹುದಾದ ಸರ್ಕಾರಿ ಸಂಸ್ಥೆಗಳು.

ಆಟಿಸಂ ಅನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಮಾತಿನ ತರಬೇತಿ, ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣ ಇವುಗಳಿಂದ ಮಗುವಿನ ಕೌಶಲ ಬೆಳೆಯುತ್ತದೆ. "ಆರು ತಿಂಗಳಲ್ಲಿ ಗ್ಯಾರಂಟಿ" ಎನ್ನುವವರಿಂದ ದೂರವಿರಬೇಕು. ಸ್ಟೆಮ್ ಸೆಲ್ ಚಿಕಿತ್ಸೆಗೆಂದು ಲಕ್ಷಗಟ್ಟಲೆ ಸುರಿದವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ.

ಮನೆಯಲ್ಲಿ

ಥೆರಪಿಸ್ಟ್ ಬಳಿ ಮಗು ಇರುವುದು ವಾರದಲ್ಲಿ ಎರಡು ಮೂರು ಗಂಟೆ. ಉಳಿದ ಹೊತ್ತೆಲ್ಲ ಮನೆಯಲ್ಲಿ. ಆದ್ದರಿಂದ ಅಲ್ಲಿ ಕಲಿಸಿದ್ದನ್ನು ಮನೆಯವರೂ ಕಲಿತು ದಿನವೂ ಮಾಡಿಸಬೇಕು. ಸ್ನಾನ, ತಿಂಡಿ, ಬಟ್ಟೆ ಮಡಚುವುದು, ಹೂ ಬಿಡಿಸುವುದು ಎಲ್ಲವೂ ಪಾಠವೇ.

ಇಂಥ ಮಗುವಿಗೆ ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದರೆ ಅರ್ಧ ಆತಂಕ ಕಡಿಮೆ. ಎದ್ದಾಗಿನಿಂದ ಮಲಗುವವರೆಗಿನ ಕೆಲಸಗಳ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ, ಮುಗಿದದ್ದನ್ನು ಮಗುವಿನ ಕೈಯಿಂದಲೇ ತೆಗೆಸಬಹುದು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಹೊತ್ತಿನ ಕ್ರಮ ಮೊದಲೇ ಇದೆ, ಅದು ಮಗುವಿಗೆ ಅನುಕೂಲ. ಆದರೆ ದಶಲಕ್ಷಣ ಪರ್ವದಂಥ ದಿನಗಳಲ್ಲಿ ಹಿರಿಯರ ಉಪವಾಸದಿಂದ ಅಡುಗೆಯ ಸಮಯ ಬದಲಾದರೂ ಮಗುವಿನ ತಟ್ಟೆ, ಹೊತ್ತು, ತಿನಿಸು ಬದಲಾಗದಂತೆ ನೋಡಿಕೊಳ್ಳಬೇಕು. ಕೆಲವು ಮಕ್ಕಳು ಎರಡು ಮೂರು ಪದಾರ್ಥ ಬಿಟ್ಟು ಬೇರೆ ಮುಟ್ಟುವುದಿಲ್ಲ. ಬಲವಂತವಾಗಿ ತುರುಕಿದರೆ ಅದೂ ನಿಲ್ಲುತ್ತದೆ. ಹೊಸದನ್ನು ಚಮಚದಷ್ಟು ಪಕ್ಕದಲ್ಲಿಟ್ಟು, ಮುಟ್ಟಿ ಮೂಸಿ ನೋಡಲು ಬಿಟ್ಟು, ನಿಧಾನವಾಗಿ ರೂಢಿ ಮಾಡಿಸಬೇಕು.

ಮಾತು ಚಿಕ್ಕದಾಗಿ, ನೇರವಾಗಿ ಇರಬೇಕು. "ಬೇಗ ಹೊರಡೋಣ, ಅಜ್ಜಿ ಕಾಯ್ತಿದಾರೆ, ಚಪ್ಪಲಿ ಎಲ್ಲಿ ಬಿಟ್ಟೆ?" ಎನ್ನುವ ಬದಲು "ಚಪ್ಪಲಿ ಹಾಕು" ಎಂದು ಹೇಳಿ, ಉತ್ತರಕ್ಕೆ ಕಾಯಬೇಕು. ಮಾತು ಬಾರದ ಮಗು ನೀರು, ಊಟ, ಶೌಚ, ಸಾಕು ಎಂಬ ಚಿತ್ರದ ಕಾರ್ಡ್ ತೋರಿಸಿ ಕೇಳಲು ಕಲಿಯಬಹುದು. ಕಾರ್ಡ್ ಕೊಟ್ಟರೆ ಮಾತು ಬರುವುದಿಲ್ಲ ಎಂಬ ಭಯ ಬೇಡ. ಹಾಗೆಯೇ ಮನೆಮಾತು ಕನ್ನಡವೋ ತುಳುವೋ ಮರಾಠಿಯೋ ಇದ್ದರೆ ಅದನ್ನು ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಬೇಕಾಗಿಲ್ಲ. ಅಜ್ಜ ಅಜ್ಜಿ ಆಡುವ ಭಾಷೆಯಿಂದಲೇ ಮಗುವನ್ನು ಹೊರಗಿಟ್ಟಂತಾಗುತ್ತದೆ.

ಹಟ ಬೇರೆ, ತಾಳಲಾರದ ಸ್ಥಿತಿ ಬೇರೆ. ಹಟದ ಮಗು ಬೇಕಾದ್ದು ಸಿಕ್ಕಿದರೆ ಸುಮ್ಮನಾಗುತ್ತದೆ. ಶಬ್ದವೋ ಜನಜಂಗುಳಿಯೋ ಹೆಚ್ಚಾಗಿ ಕುಸಿದ ಮಗು ಏನು ಕೊಟ್ಟರೂ ಸುಮ್ಮನಾಗದು. ಆಗ ಗದರಿಸದೆ ಶಾಂತ ಜಾಗಕ್ಕೆ ಕರೆದೊಯ್ದು ಸುಮ್ಮನೆ ಜೊತೆಗಿರಬೇಕು. ಇನ್ನೊಂದು ಎಚ್ಚರ: ಕೆಲವು ಮಕ್ಕಳಿಗೆ ಹೇಳದೆ ಹೊರಟುಬಿಡುವ ಅಭ್ಯಾಸ, ನೀರಿನ ಸೆಳೆತ ಇರುತ್ತದೆ. ಮನೆಯ ಬಾವಿ, ಊರ ಕೆರೆ, ಬಸದಿಯ ಕಲ್ಯಾಣಿ ಇವುಗಳ ವಿಷಯದಲ್ಲಿ ಕಣ್ಣು ತಪ್ಪಿಸಬಾರದು. ಹೆಸರು ಮತ್ತು ಮನೆಯವರ ಫೋನ್ ನಂಬರ್ ಬರೆದ ಕಾರ್ಡ್ ಸದಾ ಮಗುವಿನ ಮೈಮೇಲಿರಬೇಕು.

ಶಾಲೆಯಲ್ಲಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿಗಳನ್ನೂ ಕಾಯ್ದೆ ಹೆಸರಿಸುತ್ತದೆ. ಸಾಮಾನ್ಯ ಪಠ್ಯಕ್ರಮ ಹೊಂದದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಕಡಿಮೆ ಒತ್ತಡದಲ್ಲಿ ಹತ್ತನೇ ತರಗತಿ ಕಟ್ಟಬಹುದು.

ಕಾನೂನಿನಷ್ಟೇ ಮುಖ್ಯ ಶಿಕ್ಷಕರ ಸಹಕಾರ. ಜೂನ್‌ನಲ್ಲಿ ಶಾಲೆ ಆರಂಭವಾಗುವ ಮೊದಲೇ ಪೋಷಕರು ಒಂದು ಪುಟದ ಚೀಟಿ ಬರೆದು ಕೊಡಬೇಕು: ಮಗುವಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತದೆ, ಶೌಚಕ್ಕೆ ಹೇಗೆ ಕೇಳುತ್ತದೆ, ಕುಸಿದಾಗ ಏನು ಮಾಡಬೇಕು. ಗಲಾಟೆ ಕಡಿಮೆ ಇರುವ ಬೆಂಚು, ಬೆಲ್ ಹೊಡೆಯುವ ಮುನ್ನ ಒಂದು ಸೂಚನೆ, ಜೊತೆಗಾರನಾಗಿ ಒಬ್ಬ ಸಹಪಾಠಿ, ಇವಕ್ಕೆ ಖರ್ಚಿಲ್ಲ. ತರಗತಿಯ ಉಳಿದ ಮಕ್ಕಳಿಗೆ ಸರಳವಾಗಿ ತಿಳಿಸಿ ಹೇಳಿದರೆ ಅಣಕಿಸುವುದು ಕಡಿಮೆಯಾಗುತ್ತದೆ. ಹೊಡೆತ ತಿಂದರೂ ಮನೆಗೆ ಬಂದು ಹೇಳಲಾರದ ಮಕ್ಕಳಿವರು ಎಂಬುದನ್ನು ಶಿಕ್ಷಕರು ಮರೆಯಬಾರದು.

ಬಸದಿ, ಮದುವೆ, ಅಂಗಡಿ

ಅನೇಕ ತಾಯಂದಿರು ಬಸದಿಗೆ ಬರುವುದನ್ನೇ ಬಿಟ್ಟಿರುತ್ತಾರೆ. ಗಂಟೆ ಜಾಗಟೆಯ ಶಬ್ದಕ್ಕೆ ಮಗು ಕಿವಿ ಮುಚ್ಚಿ ಕಿರುಚುತ್ತದೆ, ಸುತ್ತಲಿನವರು ತಿರುಗಿ ನೋಡುತ್ತಾರೆ, "ಸ್ವಲ್ಪ ಶಿಸ್ತು ಕಲಿಸಬಾರದೆ?" ಎಂದು ಯಾರಾದರೂ ಕೇಳಿಬಿಡುತ್ತಾರೆ. ಮರುವಾರದಿಂದ ಆ ಮನೆಯವರು ಕಾಣುವುದಿಲ್ಲ. ಅಭಿಷೇಕ ಮುಗಿದು ಜನ ಚದುರಿದ ಹೊತ್ತಿನಲ್ಲಿ ಹತ್ತು ನಿಮಿಷ ದರ್ಶನಕ್ಕೆ ಅನುವು ಮಾಡಿಕೊಡುವುದು, ಪಂಚಕಲ್ಯಾಣದಂಥ ದೊಡ್ಡ ಕಾರ್ಯಕ್ರಮಗಳಲ್ಲಿ ಧ್ವನಿವರ್ಧಕದಿಂದ ದೂರ ಒಂದು ಕೊಠಡಿ ಬಿಡುವುದು ಯಾವ ಆಡಳಿತ ಸಮಿತಿಗೂ ಕಷ್ಟವಲ್ಲ. ಮೊದಲ ಭೇಟಿಗೆ ಮುನ್ನ ಬಸದಿಯ ಫೋಟೋ ತೋರಿಸಿ ಮಗುವನ್ನು ಅಣಿಗೊಳಿಸಬಹುದು. ಮಗು ಕೂಗಿದಾಗ ಬಂಧುಗಳು ಮಾಡಬೇಕಾದ್ದು ಇಷ್ಟೇ: ಸಲಹೆ ಕೊಡದೆ, "ಅಕ್ಕಾ, ಏನಾದರೂ ಬೇಕಾ?" ಎಂದು ಕೇಳುವುದು.

ಮಗುವನ್ನು ಮುಚ್ಚಿಡಲು ಇನ್ನೊಂದು ಕಾರಣ ಅಣ್ಣತಂಗಿಯರ ಸಂಬಂಧ ತಪ್ಪೀತೆಂಬ ಭಯ. ವಂಶವಾಹಿಯ ಪಾತ್ರವಿದೆ ಎಂದ ಮಾತ್ರಕ್ಕೆ ಅವರ ಮಕ್ಕಳಿಗೂ ಬಂದೇ ಬರುತ್ತದೆ ಎಂದಲ್ಲ. ಸಂಶಯವಿದ್ದವರು ವೈದ್ಯರನ್ನೇ ಕೇಳಬಹುದು. ಮೊದಲೇ ತಿಳಿಸಿ ನಡೆದ ಸಂಬಂಧ ಮುಚ್ಚಿಟ್ಟು ನಡೆದದ್ದಕ್ಕಿಂತ ಗಟ್ಟಿ.

ಸಮಾಜದಲ್ಲಿ ವ್ಯಾಪಾರಸ್ಥರು ಬಹಳ. ಅಂಗಡಿ ಗೋದಾಮುಗಳಲ್ಲಿ ಸರಕು ಬೇರ್ಪಡಿಸುವುದು, ತೂಕ ಹಾಕುವುದು, ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು ಮುಂತಾದ ಕೆಲಸಗಳನ್ನು ಕ್ರಮ ತಪ್ಪದೆ ಮಾಡುವ ಯುವಕರು ಇವರಲ್ಲಿದ್ದಾರೆ. ಒಮ್ಮೆಗೆ ಒಂದೇ ಕೆಲಸ ಹೇಳಿ, ಜಾಗ ಮತ್ತು ಸಮಯ ಬದಲಾಯಿಸದಿದ್ದರೆ ಸಾಕು. ಇದನ್ನು ದಾನವೆಂದು ತಿಳಿಯದೆ ಸಂಬಳ ಕೊಟ್ಟು ಮಾಡಿಸಬೇಕು.

ತಂದೆತಾಯಿಯ ನಂತರ

"ನಾವು ಹೋದ ಮೇಲೆ ಯಾರು?" ಇದು ಪ್ರತಿ ಪೋಷಕರ ರಾತ್ರಿಯ ಚಿಂತೆ. ಉತ್ತರವನ್ನು ಮಗು ಚಿಕ್ಕದಿರುವಾಗಲೇ ಕಟ್ಟಬೇಕು. ಮೊದಲು ಯುಡಿಐಡಿ ಕಾರ್ಡ್ ಮಾಡಿಸಬೇಕು, ಪ್ರಮಾಣಪತ್ರಕ್ಕೂ ಸೌಲಭ್ಯಗಳಿಗೂ ಅದೇ ಆಧಾರ. 1999ರ ಕಾಯ್ದೆಯಡಿ ಸ್ಥಾಪನೆಯಾದ ರಾಷ್ಟ್ರೀಯ ನ್ಯಾಸ, ಅಂದರೆ ನ್ಯಾಷನಲ್ ಟ್ರಸ್ಟ್, 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಕೊಡುತ್ತದೆ. 18 ತುಂಬಿದ ಮೇಲೆ ತಂದೆತಾಯಿ ಕಾನೂನಿನ ಪ್ರಕಾರ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ಅಗತ್ಯವಿದ್ದರೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಪಾಲಕತ್ವಕ್ಕಾಗಿ ಅರ್ಜಿ ಹಾಕಬೇಕು. ಆಸ್ತಿಯ ವಿಷಯವನ್ನು ಬಾಯಿಮಾತಿಗೆ ಬಿಡದೆ ಉಯಿಲು ಬರೆದಿಡಬೇಕು.

ಎಲ್ಲ ಭಾರವನ್ನೂ ಒಡಹುಟ್ಟಿದವರ ಮೇಲೆ ಹೊರಿಸುವುದೂ ನ್ಯಾಯವಲ್ಲ. ಅವರಿಗೂ ತಂದೆತಾಯಿಯ ಸಮಯ ಬೇಕು. ಚಿಕ್ಕಪ್ಪ, ಅತ್ತೆ, ನೆರೆಯವರು, ಬಸದಿಯ ಗೆಳೆಯರು ತಿಂಗಳಿಗೊಂದು ಭಾನುವಾರ ಎರಡು ಗಂಟೆ ಮಗುವಿನ ಜೊತೆ ಕಳೆದರೆ ತಾಯಿಗೆ ಇಂದು ಬಿಡುವು ಸಿಗುತ್ತದೆ. ಮಗುವಿಗೆ ಮುಂದೆ ಬೇಕಾಗುವ ಪರಿಚಿತ ಮುಖಗಳೂ ಹೀಗೆಯೇ ಹೆಚ್ಚುತ್ತವೆ.