ಹಬೆ ಮತ್ತೆ ನೀರಾದ ಕಥೆ

ದಕ್ಷಿಣ ಸೊಲ್ಲಾಪುರ ತಾಲೂಕಿನ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಹೋಟಗಿ ಕಡೆಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರ ಹೊಸದೇನಲ್ಲ. 660 ಮೆಗಾವ್ಯಾಟಿನ ಎರಡು ಘಟಕಗಳು ಅಲ್ಲಿವೆ. ಒಂದು 2017ರಲ್ಲಿ, ಇನ್ನೊಂದು 2019ರಲ್ಲಿ ಉತ್ಪಾದನೆ ಆರಂಭಿಸಿದವು. ಏಳನೆಯ ತರಗತಿಯ ಹುಡುಗನೊಬ್ಬ ಒಮ್ಮೆ ನಮ್ಮನ್ನು ಕೇಳಿದ: "ಸರ್, ಚಿಮಣಿ ಬಿಟ್ಟು ಬಾಜೂಕ ಇರೋ ಟವರಿನಾಗಿಂದ ಬಿಳಿ ಹೊಗಿ ಬರ್ತದಲ್ರಿ, ಅದು ಯಾತರದು?"

ಅದು ಹೊಗೆಯಲ್ಲ, ನೀರು. ಉಜನಿ ಆಣೆಕಟ್ಟಿನಿಂದ ಬಂದ ನಮ್ಮ ಭೀಮಾ ನದಿಯ ನೀರು. ಹಾಗೆಂದು ಹೇಳಿದ ಕೂಡಲೇ ತರಗತಿಯಲ್ಲಿ ಗುಸುಗುಸು ಶುರುವಾಯಿತು. ಎಷ್ಟೋ ವರ್ಷ ನಲ್ಲಿಯ ಮುಂದೆ ಕೊಡ ಇಟ್ಟು ಕಾದ ಮನೆಗಳ ಮಕ್ಕಳು ಅವು. ನೀರನ್ನು ಹೀಗೆ ಆಕಾಶಕ್ಕೆ ಬಿಡುವುದು ಏಕೆ, ಅದನ್ನು ಹಿಡಿಯಲು ಬರುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಜೇಮ್ಸ್ ವ್ಯಾಟ್ ಹಬೆಯಂತ್ರವನ್ನು ಕಂಡುಹಿಡಿದ ಎಂದು ನಾವು ಹಲವು ಸಲ ತಪ್ಪಾಗಿ ಕಲಿಸುತ್ತೇವೆ. 1712ರಲ್ಲೇ ಥಾಮಸ್ ನ್ಯೂಕಾಮನ್ನನ ಯಂತ್ರ ಇಂಗ್ಲೆಂಡಿನ ಗಣಿಯಲ್ಲಿ ನೀರೆತ್ತುತ್ತಿತ್ತು. ಅದರಲ್ಲಿ ಹಬೆ ತುಂಬಿದ ಸಿಲಿಂಡರಿನೊಳಗೇ ತಣ್ಣೀರು ಚಿಮುಕಿಸುತ್ತಿದ್ದರು. ಹಬೆ ನೀರಾಗುತ್ತಿತ್ತು, ಜೊತೆಗೆ ಸಿಲಿಂಡರೂ ತಣ್ಣಗಾಗುತ್ತಿತ್ತು. ಮತ್ತೆ ಅದನ್ನು ಕಾಯಿಸಲು ಇನ್ನಷ್ಟು ಕಲ್ಲಿದ್ದಲು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ ವ್ಯಾಟ್, ಆ ಯಂತ್ರದ ಸಣ್ಣ ಮಾದರಿಯೊಂದು ಕೈಗೆ ಬಂದಾಗ ಈ ದಂಡವನ್ನು ಗಮನಿಸಿದ. ಹಬೆಯನ್ನು ಬೇರೆಯೇ ಒಂದು ತಣ್ಣನೆಯ ಪಾತ್ರೆಗೆ ಒಯ್ದು ನೀರು ಮಾಡಿದರಾಯಿತು ಎಂದು 1765ರಲ್ಲಿ ಅವನಿಗೆ ಹೊಳೆಯಿತು. 1769ರಲ್ಲಿ ಪೇಟೆಂಟ್ ದೊರೆಯಿತು. ಆ ಪಾತ್ರೆಯೇ ಕಂಡೆನ್ಸರ್. ಮುಂದೆ ಬೋಲ್ಟನ್ ಮತ್ತು ವ್ಯಾಟ್ ಗಣಿ ಮಾಲೀಕರಿಂದ ಪಡೆಯುತ್ತಿದ್ದ ಶುಲ್ಕವೂ ಸ್ವಾರಸ್ಯದ್ದು: ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲು! ವ್ಯಾಪಾರಿಗಳೆಂದರೆ ಅವರು.

ನೀರನ್ನು ಮರಳಿ ಪಡೆಯುವ ಯೋಚನೆ ಬಂದದ್ದು ಹಡಗುಗಳಿಂದ. ಸಮುದ್ರದ ನೀರು ಬೆರೆತರೆ ಬಾಯ್ಲರಿನಲ್ಲಿ ಉಪ್ಪು ಗಟ್ಟಿಕೊಳ್ಳುತ್ತಿತ್ತು. 1834ರಲ್ಲಿ ಸ್ಯಾಮ್ಯುಯೆಲ್ ಹಾಲ್ ಎಂಬ ಇಂಗ್ಲಿಷಿನವನು ಕೊಳವೆಗಳ ಕಂಡೆನ್ಸರಿಗೆ ಪೇಟೆಂಟ್ ಪಡೆದ. ಕೊಳವೆಯ ಒಂದು ಬದಿಗೆ ಹಬೆ, ಇನ್ನೊಂದು ಬದಿಗೆ ತಂಪು ನೀರು, ಎರಡೂ ಬೆರೆಯುವುದಿಲ್ಲ. ಅನ್ನದ ಗಡಿಗೆಯ ಮುಚ್ಚಳಕ್ಕೆ ಹನಿ ಕಟ್ಟುವಂತೆ ಹಬೆ ಶುದ್ಧ ನೀರಾಗಿ ಬಾಯ್ಲರಿಗೆ ಮರಳುತ್ತದೆ. ಇಂದಿನ ಸ್ಥಾವರಗಳಲ್ಲಿಯೂ ಇದೇ ಕ್ರಮ. ಅಂದರೆ ಬಾಯ್ಲರಿನ ನೀರು ಹೆಚ್ಚು ನಷ್ಟವಾಗುವುದೇ ಇಲ್ಲ. ನಷ್ಟವಾಗುವುದು ಅದನ್ನು ತಣಿಸುವ ಆ ಇನ್ನೊಂದು ನೀರು.

ದೊಡ್ಡ ನದಿ ಇದ್ದಲ್ಲಿ ತಣಿಸುವ ನೀರನ್ನು ತೆಗೆದುಕೊಂಡು ಬಿಸಿಯಾಗಿ ಮತ್ತೆ ನದಿಗೇ ಬಿಡುತ್ತಿದ್ದರು. ನದಿ ಇಲ್ಲದ ಕಡೆ ಏನು ಮಾಡಬೇಕು? ಹಾಲೆಂಡಿನ ಫ್ರೆಡರಿಕ್ ವಾನ್ ಇಟರ್ಸನ್ ಮತ್ತು ಗೆರಾರ್ಡ್ ಕೈಪರ್ಸ್ ನಡು ಸಣ್ಣಗಿರುವ ಕಾಂಕ್ರೀಟ್ ಗೋಪುರವನ್ನು ರೂಪಿಸಿದರು. ಮೊದಲನೆಯದು 1918ರಲ್ಲಿ ಹೇರ್ಲೆನ್ ಬಳಿಯ ಎಮ್ಮಾ ಗಣಿಯಲ್ಲಿ ನಿಂತಿತು. ನಮ್ಮ ಮಣ್ಣಿನ ಗಡಿಗೆ ಬೆವರಿ ನೀರನ್ನು ತಂಪು ಮಾಡುತ್ತದಲ್ಲ, ಅದೇ ತತ್ವ: ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ, ಉಳಿದದ್ದು ತಣಿಯುತ್ತದೆ. ನಮ್ಮ ಹುಡುಗ ಕಂಡದ್ದು ಆ ಬೆವರನ್ನು.

ಕರಿಹಲಗೆಯ ಮೇಲೆ ನಾವು ಲೆಕ್ಕ ಹಾಕಿದೆವು. ಒಂದು ಯುನಿಟ್ ವಿದ್ಯುತ್ತಿಗೆ 3 ಲೀಟರ್ ನೀರು ಎಂದು ಹಿಡಿಯಿರಿ. 1,320 ಮೆಗಾವ್ಯಾಟ್ ಪೂರ್ಣ ಓಡಿದರೆ ಗಂಟೆಗೆ 13 ಲಕ್ಷ 20 ಸಾವಿರ ಯುನಿಟ್. ನೀರು ಸುಮಾರು 40 ಲಕ್ಷ ಲೀಟರ್. ದಿನಕ್ಕೆ ಒಂಬತ್ತೂವರೆ ಕೋಟಿ ಲೀಟರ್. ಸೊನ್ನೆ ತಪ್ಪಿದೆಯೇನೋ ಎಂದು ಮಕ್ಕಳು ಎರಡು ಸಲ ಗುಣಿಸಿ ನೋಡಿದರು. ತಪ್ಪಿರಲಿಲ್ಲ.

ಇಲ್ಲಿ ದಕ್ಷತೆಯ ಮಾತು ಬರುತ್ತದೆ. ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ 35 ಪಾಲು ವಿದ್ಯುತ್ತಾದರೆ ಅರ್ಧದಷ್ಟು ಕಂಡೆನ್ಸರಿಗೆ ಹೋಗುತ್ತದೆ. ವಿದ್ಯುತ್ತಿನ ಪಾಲು 40ಕ್ಕೆ ಏರಿದರೆ ಕಲ್ಲಿದ್ದಲಿನ ಜೊತೆ ನೀರೂ ಉಳಿಯುತ್ತದೆ. 1957ರಲ್ಲಿ ಅಮೆರಿಕದ ಓಹಾಯೋದ ಫಿಲೋ ಸ್ಥಾವರದಲ್ಲಿ ಸೂಪರ್‌ಕ್ರಿಟಿಕಲ್ ಎಂಬ ಕ್ರಮ ಬಂತು. ಸುಮಾರು 221 ಬಾರ್ ಒತ್ತಡ, 374 ಡಿಗ್ರಿ ಸೆಲ್ಸಿಯಸ್ ಶಾಖ ದಾಟಿದ ಮೇಲೆ ನೀರು ಯಾವುದು, ಹಬೆ ಯಾವುದು ಎಂಬ ಭೇದವೇ ಉಳಿಯುವುದಿಲ್ಲ. ಭಾರತಕ್ಕೆ ಇದು ಬಂದದ್ದು 2010ರ ಕೊನೆಗೆ, ಗುಜರಾತಿನ ಮುಂದ್ರಾದಲ್ಲಿ. ಹೋಟಗಿಯ ಘಟಕಗಳೂ ಇದೇ ಜಾತಿಯವು. 1998ರಲ್ಲಿ ಡೆನ್ಮಾರ್ಕಿನ ನಾರ್ಡ್‌ಯೂಲ್ಯಾಂಡ್ ಸ್ಥಾವರದ ಮೂರನೆಯ ಘಟಕ 47 ಪಾಲು ಮುಟ್ಟಿತು. ಆದರೆ ಅವರಿಗೆ ಚಳಿಯ ಸಮುದ್ರವಿತ್ತು. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ.

ಹಾಗಾದರೆ ನೀರೇ ಬೇಡವೆಂದರೆ? ಹಂಗೇರಿಯ ಲಾಸ್ಲೊ ಹೆಲ್ಲರ್ ಗಾಳಿಯಿಂದಲೇ ತಣಿಸುವ ಮುಚ್ಚಿದ ವ್ಯವಸ್ಥೆಯನ್ನು ರೂಪಿಸಿದರು. ದಕ್ಷಿಣ ಆಫ್ರಿಕದ ಒಣ ಸೀಮೆಯಲ್ಲಿ ಮತಿಂಬಾ ಸ್ಥಾವರ 1987ರಿಂದ ಇನ್ನೊಂದು ಬಗೆಯಲ್ಲಿ, ಹಬೆಯ ಕೊಳವೆಗಳಿಗೆ ನೇರವಾಗಿ ದೊಡ್ಡ ಫ್ಯಾನುಗಳಿಂದ ಗಾಳಿ ಬೀಸಿ ನಡೆಯಿತು. ನೀರು ಹತ್ತರಲ್ಲಿ ಒಂದು ಪಾಲೂ ಸಾಕು. ಆದರೆ ಬಿಸಿಲು ಏರಿದಂತೆ ವಿದ್ಯುತ್ತು ಇಳಿಯುತ್ತದೆ, ಅಷ್ಟೇ ವಿದ್ಯುತ್ತಿಗೆ ಹೆಚ್ಚು ಕಲ್ಲಿದ್ದಲು ಬೇಕಾಗುತ್ತದೆ. ನೀರು ಉಳಿಸಿದರೆ ಕಲ್ಲಿದ್ದಲು ಖರ್ಚು, ಕಲ್ಲಿದ್ದಲು ಉಳಿಸಿದರೆ ನೀರು ಖರ್ಚು. ಈ ಹಗ್ಗಜಗ್ಗಾಟ ಮುಗಿದಿಲ್ಲ. ಜಾರ್ಖಂಡದ ಉತ್ತರ ಕರಣಪುರದಲ್ಲಿ 2023ರಲ್ಲಿ ಎನ್‌ಟಿಪಿಸಿ ಗಾಳಿಯಿಂದ ತಣಿಸುವ ಮೊದಲ 660 ಮೆಗಾವ್ಯಾಟ್ ಘಟಕವನ್ನು ನಡೆಸತೊಡಗಿತು.

ನೀರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2013ರ ಫೆಬ್ರವರಿಯಲ್ಲಿ ಬರಗಾಲದಿಂದ ಬೀಡ ಜಿಲ್ಲೆಯ ಪರಳಿ ಸ್ಥಾವರ ಪೂರ್ತಿ ನಿಂತುಹೋಯಿತು. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ನೀರಿಗೆ ಮಿತಿ ಹಾಕಿತು: ಹಳೆಯ ಸ್ಥಾವರಗಳಿಗೆ ಯುನಿಟ್ಟಿಗೆ 3.5 ಲೀಟರ್, 2017ರ ನಂತರದವುಗಳಿಗೆ 2.5. ಹೊಸವಕ್ಕೆ ಇದನ್ನು 2018ರಲ್ಲಿ 3ಕ್ಕೆ ಸಡಿಲಿಸಿದರು. ಇದು ನಮಗೆ ಸರಿ ಕಾಣಲಿಲ್ಲ. 2016ರ ವಿದ್ಯುತ್ ದರ ನೀತಿಯಂತೂ 50 ಕಿಲೋಮೀಟರಿನೊಳಗೆ ನಗರದ ಕೊಳಚೆ ನೀರಿನ ಶುದ್ಧೀಕರಣ ಘಟಕವಿದ್ದರೆ ಸ್ಥಾವರ ಆ ನೀರನ್ನೇ ಬಳಸಬೇಕೆಂದಿತು. ನಾಗಪುರದ ಕೊಳಚೆ ನೀರು ಶುದ್ಧವಾಗಿ ಕೊರಾಡಿ ಸ್ಥಾವರಕ್ಕೆ ಹೋಗುತ್ತದೆ. ಹೋಟಗಿಯಿಂದ ಸೊಲ್ಲಾಪುರ ನಗರ ಎಷ್ಟು ದೂರವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಟವರಿನಿಂದ ಏಳುವ ಬಿಳಿ ಹಬೆಯನ್ನು ಹಿಡಿಯುವ ಪ್ರಯತ್ನವೂ ನಡೆದಿದೆ. ಅಮೆರಿಕದ ಎಂಐಟಿಯ ಸಂಶೋಧಕರು ಹನಿಗಳಿಗೆ ವಿದ್ಯುದಂಶ ಕೊಟ್ಟು ಅವನ್ನು ತಂತಿಬಲೆಯ ಕಡೆ ಸೆಳೆಯುವ ಉಪಾಯವನ್ನು 2018ರಲ್ಲಿ ಪ್ರಕಟಿಸಿದರು. ಇದನ್ನು ಹೇಳಿದಾಗ ಆ ಹುಡುಗ ಎದ್ದು ನಿಂತು, "ಮತ್ತ ನಮ್ಮಲ್ಲಿ ಯಾವಾಗ ಬಲಿ ಹಾಕ್ತಾರ್ರಿ ಸರ್?" ಎಂದ.